ಬೆಂಕಿ ಆರಿತೆ? ಬೂದಿ ನೋಡಿ

ರಾತ್ರಿ ಮಲಗುವ ಮುನ್ನ ಒಲೆಯ ತುಂಬ ಕಲ್ಲಿದ್ದಲು ಸುರಿದಿರುತ್ತಾರೆ. ಬೆಳಿಗ್ಗೆ ನೆಲಮಾಳಿಗೆಗೆ ಇಳಿದು ಬಾಗಿಲು ತೆರೆದರೆ ಅದರಲ್ಲಿ ಅರ್ಧಕ್ಕರ್ಧ ಸುಡದೆ ಕಪ್ಪಗೆ ಹೊಳೆಯುತ್ತ ಕೂತಿರುತ್ತದೆ. ಬೆಂಕಿ ಮಾತ್ರ ಇಲ್ಲ. ಸೌದೆ ಒಲೆಯಲ್ಲಿ ಲೆಕ್ಕ ನೇರ: ಸೌದೆ ಮುಗಿಯಿತು, ಬೆಂಕಿ ಆರಿತು. ಕಲ್ಲಿದ್ದಲ ಒಲೆಯಲ್ಲಿ ಉರುವಲು ಕಣ್ಣೆದುರಿಗೆ ಬಿದ್ದಿರುವಾಗಲೇ ಬೆಂಕಿ ಆರುತ್ತದೆ. ಒಂದು ಸಲ ಆದರೆ ಹೋಗಲಿ ಎನ್ನಬಹುದು. ವಾರಕ್ಕೆ ಮೂರು ಸಲ ಆದರೆ, ಹೊರಗೆ ಹಿಮ ಮೊಣಕಾಲುದ್ದ ಬಿದ್ದಿರುವಾಗ, ಮನೆಯವರ ತಾಳ್ಮೆಯೂ ಆರುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಸ್ಕ್ರಾಂಟನ್, ವಿಲ್ಕ್ಸ್‌ಬ್ಯಾರಿ, ಹೇಝಲ್‌ಟನ್, ಪಾಟ್ಸ್‌ವಿಲ್ ಊರುಗಳ ಸುತ್ತಮುತ್ತ, ಈ ಒಗಟನ್ನು ಬಿಡಿಸುವ ವಿದ್ಯೆ ಎರಡು ಶತಮಾನಗಳಿಂದ ಕೈಯಿಂದ ಕೈಗೆ ಬಂದಿದೆ. ಗ್ಯಾಸು, ಎಣ್ಣೆ, ವಿದ್ಯುತ್ತು ಎಲ್ಲ ಬಂದ ಮೇಲೂ ಅಲ್ಲಿ ಚಳಿಗಾಲಕ್ಕೆ ಟನ್‌ಗಟ್ಟಲೆ ಕಲ್ಲಿದ್ದಲು ತರಿಸಿ ಮನೆ ಕಾಯಿಸಿಕೊಳ್ಳುವವರು ಇದ್ದಾರೆ. ಅವರಲ್ಲಿ ಪಳಗಿದವರೊಬ್ಬರನ್ನು ಕರೆದು ಆರಿದ ಒಲೆ ತೋರಿಸಿ. ಎಲ್ಲರೂ ಮೊದಲು ತೆರೆಯುವ ಮೇಲಿನ ಬಾಗಿಲನ್ನು ಅವರು ಮುಟ್ಟುವುದಿಲ್ಲ. ಬಗ್ಗಿ ಕೆಳಗಿನ ಬೂದಿ ಬಾಗಿಲು ತೆರೆಯುತ್ತಾರೆ. ಬೂದಿ ಎಷ್ಟಿದೆ, ಪುಡಿಯೋ ಗಟ್ಟಿಯೋ, ಅದರಲ್ಲಿ ಸುಡದ ಕರಿ ಚೂರುಗಳಿವೆಯೋ, ಮೇಲಿನ ಜಾಲರಿಯ ಸಂದುಗಳು ಬಿಡುವಾಗಿವೆಯೋ ಮುಚ್ಚಿವೆಯೋ ಎಂದು ನೋಡುತ್ತಾರೆ. ರಾತ್ರಿ ಏನಾಯಿತೆಂಬುದರ ಬಹುಪಾಲು ಕಥೆ ಅಲ್ಲೇ ಸಿಗುತ್ತದೆ.

ಅಲ್ಲಿ ಸಿಗುವುದು ಎಂಥದೋ ಒಂದು ಕಲ್ಲಿದ್ದಲಲ್ಲ, ಆಂಥ್ರಸೈಟ್. ಸುಮಾರು 500 ಚದರ ಮೈಲಿಯಷ್ಟು ನೆಲದಡಿಯಲ್ಲಿ ಹರಡಿದ ಈ ಕಲ್ಲು ಕಲ್ಲಿದ್ದಲ ಜಾತಿಯಲ್ಲೇ ಅತಿ ಗಟ್ಟಿ. ಕೈಯಲ್ಲಿ ಹಿಡಿದರೆ ಮಸಿ ಅಂಟುವುದು ಕಡಿಮೆ, ಮುರಿದ ಮೈ ಗಾಜಿನ ಹಾಗೆ ಮಿನುಗುತ್ತದೆ. ತೂಕದಲ್ಲಿ ನೂರಕ್ಕೆ 86ಕ್ಕಿಂತ ಹೆಚ್ಚು ಪಾಲು ಬರೀ ಇಂಗಾಲ. ಸುಲಭವಾಗಿ ಹೊತ್ತಿಕೊಳ್ಳುವ ಅನಿಲಾಂಶ ಇದರಲ್ಲಿ ತೀರ ಕಡಿಮೆ. ಅದರ ಒಳ್ಳೆಯ ಗುಣವೂ ತಂಟೆಯೂ ಇಲ್ಲಿಂದಲೇ ಹುಟ್ಟುತ್ತವೆ. ಅನಿಲಾಂಶ ಇಷ್ಟು ಕಡಿಮೆ ಇರುವುದರಿಂದ ಹೊಗೆ ಇಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲ್ಯಾಕವಾನಾ ರೈಲ್ವೆ ಕಂಪನಿ ತನ್ನ ಜಾಹೀರಾತುಗಳಲ್ಲಿ ಫೀಬಿ ಸ್ನೋ ಎಂಬ ಬಿಳಿ ಉಡುಪಿನ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿ, ನಮ್ಮ ಬಂಡಿ ಸುಡುವುದು ಆಂಥ್ರಸೈಟ್, ಪಯಣ ಮುಗಿದರೂ ಬಟ್ಟೆ ಬೆಳ್ಳಗೇ ಇರುತ್ತದೆ ಎಂದು ಕೊಚ್ಚಿಕೊಂಡದ್ದು ಇದೇ ಬಲದ ಮೇಲೆ. ಆದರೆ ಅದೇ ಕಾರಣಕ್ಕೆ ಇದು ಹೊತ್ತಿಕೊಳ್ಳಲು ಮಹಾ ಹಟ ಮಾಡುತ್ತದೆ. ಸೌದೆ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಉರಿ ಹಿಡಿದರೆ ಇದಕ್ಕೆ ಸುಮಾರು 500 ಡಿಗ್ರಿ ಬೇಕು. ಒಂಟಿ ತುಂಡನ್ನು ಕೆಂಪಗೆ ಕಾಯಿಸಿ ಹೊರಗೆ ಇಟ್ಟರೆ ನಿಮಿಷಗಳಲ್ಲಿ ಕಪ್ಪಾಗಿ ಆರುತ್ತದೆ. ತುಂಡಿನ ಪಕ್ಕ ತುಂಡು ಇದ್ದು, ಒಂದರ ಕಾವು ಇನ್ನೊಂದಕ್ಕೆ ತಗಲುತ್ತ, ನಡುವೆ ಕೆಳಗಿನಿಂದ ಗಾಳಿ ಹಾಯುತ್ತ ಇದ್ದರೆ ಮಾತ್ರ ಇದು ಬದುಕುತ್ತದೆ.

ಇಷ್ಟನ್ನು ತಿಳಿಯಲು ಅಲ್ಲಿನವರಿಗೂ ಕಾಲ ಬೇಕಾಯಿತು. 1808ರ ಫೆಬ್ರವರಿ 11ರಂದು ವಿಲ್ಕ್ಸ್‌ಬ್ಯಾರಿಯ ಜೆಸ್ಸಿ ಫೆಲ್ ಎಂಬ ನ್ಯಾಯಾಧೀಶ, ತನ್ನ ಹೋಟೆಲಿನ ಬೆಂಕಿಗೂಡಿನಲ್ಲಿ ಕಬ್ಬಿಣದ ಸರಳುಗಳ ಜಾಲರಿಯ ಮೇಲೆ ಈ ಕಲ್ಲನ್ನು ಉರಿಸಿ ತೋರಿಸಿದ. ಅದುವರೆಗೆ ತಿದಿಯೊತ್ತಿ ಗಾಳಿ ಹೊಡೆಯುವ ಕಮ್ಮಾರರ ಕುಲುಮೆಗಷ್ಟೇ ಇದು ಆಗುತ್ತದೆ ಎಂಬ ನಂಬಿಕೆ ಇತ್ತು. ಫೆಲ್ ಮಾಡಿದ್ದು ಇಷ್ಟೇ: ಕಲ್ಲಿದ್ದಲನ್ನು ನೆಲದಿಂದ ಮೇಲಕ್ಕೆತ್ತಿ, ಗಾಳಿ ತಾನೇ ತಾನಾಗಿ ಅಡಿಯಿಂದ ಬರುವ ದಾರಿ ಬಿಟ್ಟ. ಇನ್ನೊಂದು ಕಥೆ ಬ್ರಿಟನ್ ಜೊತೆಗಿನ 1812ರ ಯುದ್ಧದ ಕಾಲದ್ದು, ಫಿಲಡೆಲ್ಫಿಯಾ ಬಳಿ ಸ್ಕೂಲ್‌ಕಿಲ್ ನದಿಯ ದಂಡೆಯಲ್ಲಿದ್ದ ಜೋಸೈಯಾ ವೈಟ್ ಮತ್ತು ಅರ್ಸ್ಕಿನ್ ಹ್ಯಾಝರ್ಡ್ ಅವರ ತಂತಿ ಕಾರ್ಖಾನೆಯದು. ಕೆಲಸದವರು ಈ ಕಲ್ಲನ್ನು ಹೊತ್ತಿಸಲು ರಾತ್ರಿಯೆಲ್ಲ ಕೆದಕಿ, ತಿವಿದು, ಸೋತು, ಬೇಸತ್ತು ಕುಲುಮೆಯ ಬಾಗಿಲು ಬಡಿದು ಹೊರಟುಹೋದರಂತೆ. ಅವರಲ್ಲೊಬ್ಬ ಮರೆತುಬಿಟ್ಟ ಅಂಗಿಗೆಂದು ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಬಾಗಿಲು ಕೆಂಪೇರಿತ್ತು. ಒಳಗೆ ಬೆಳ್ಳಗೆ ಕಾದ ಬೆಂಕಿ. ಕಥೆಗೆ ಬಾಯಿಂದ ಬಾಯಿಗೆ ಬರುವಾಗ ಸ್ವಲ್ಪ ಬಣ್ಣ ಸೇರಿರಬಹುದು. ಆದರೆ ಅದರಲ್ಲಿರುವ ಪಾಠವನ್ನು ಈಗಲೂ ಪ್ರತಿ ಹೊಸ ಒಲೆಯವನೂ ತನ್ನ ಕೈಯಾರೆ ಕಲಿಯಬೇಕು: ಮೇಲಿನ ಬಾಗಿಲು ಮುಚ್ಚು, ಕೈ ತೆಗೆ.

ಸೌದೆ ಉರಿಸಿ ರೂಢಿಯಿದ್ದವರಿಗೆ ಇದೇ ಕಷ್ಟ. ನಮ್ಮ ಬಚ್ಚಲು ಒಲೆಯನ್ನೇ ನೆನೆಸಿಕೊಳ್ಳಿ. ಹಂಡೆಯಡಿಯ ಬೆಂಕಿ ಮಂಕಾದರೆ ಕೊಳ್ಳಿಯನ್ನು ಮುಂದೆ ತಳ್ಳುತ್ತೇವೆ, ಕೆಂಡವನ್ನು ಕೆದಕುತ್ತೇವೆ, ಊದುಕೊಳವೆ ಹಿಡಿದು ಎದುರಿನಿಂದ ಊದುತ್ತೇವೆ, ತೆಂಗಿನ ಗರಿಯೋ ಚಿಪ್ಪೋ ಒಂದಿಷ್ಟು ಎಸೆಯುತ್ತೇವೆ. ಎಲ್ಲವೂ ಸರಿ, ಎಲ್ಲವೂ ಫಲಿಸುತ್ತದೆ. ಇವುಗಳಲ್ಲಿ ಯಾವುದನ್ನು ಆಂಥ್ರಸೈಟ್ ಒಲೆಗೆ ಮಾಡಿದರೂ ಬೆಂಕಿ ಇನ್ನಷ್ಟು ಬೇಗ ಸಾಯುತ್ತದೆ.

ಮೊದಲ ತಪ್ಪು ಸಾಮಾನ್ಯವಾಗಿ ಜಿಪುಣತನ. ಚಳಿ ಹೆಚ್ಚಿಲ್ಲ, ಸ್ವಲ್ಪವೇ ಹಾಕೋಣ ಎಂದು ನಾಲ್ಕು ಬೆರಳಷ್ಟು ದಪ್ಪ ಹರಡುವುದು. ಸೌದೆಯಲ್ಲಿ ಸಣ್ಣ ಬೆಂಕಿ ಬೇಕೆಂದರೆ ಸೌದೆ ಕಡಿಮೆ ಹಾಕಬೇಕು. ಇಲ್ಲಿ ಹಾಗಲ್ಲ. ಒಲೆಯ ಒಳಗೋಡೆಗೆ ಹೊದಿಸಿದ ಬೆಂಕಿ ಇಟ್ಟಿಗೆಯ ಮೇಲಂಚಿನವರೆಗೆ, ಒಂದು ಅಡಿಯ ಆಸುಪಾಸು, ಇದ್ದಲು ತುಂಬಿರಬೇಕು. ಕಾವು ಎಷ್ಟು ಬೇಕೆಂಬುದನ್ನು ಗಾಳಿಯಿಂದ ಹಿಡಿತಕ್ಕೆ ತರಬೇಕು. ಹಾಸು ತೆಳುವಾದರೆ ತುಂಡುಗಳು ಒಂದನ್ನೊಂದು ಕಾಯಿಸಲಾರವು, ಹಾದುಹೋಗುವ ಗಾಳಿಯೇ ಅವುಗಳನ್ನು ತಣಿಸಿಬಿಡುತ್ತದೆ. ಹಾಸು ಆಳವಾಗಿದ್ದರೆ ಗಾಳಿಯನ್ನು ಎಷ್ಟು ಬಿಗಿದರೂ ಒಳಗಿನ ಕಾವು ಗಂಟೆಗಟ್ಟಲೆ ಉಳಿಯುತ್ತದೆ. ಸರಿಯಾಗಿ ತುಂಬಿಸಿದ ಒಲೆ ಹನ್ನೆರಡು ಗಂಟೆ ಯಾರ ಹಂಗೂ ಇಲ್ಲದೆ ಉರಿಯುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿಕೊಂಡರೆ ನವೆಂಬರಿನಲ್ಲಿ ಹಚ್ಚಿದ ಬೆಂಕಿ ಏಪ್ರಿಲ್‌ವರೆಗೆ ಆರದಿರಲು ಸಾಧ್ಯ. ಹಾಗೆ ಒಂದೇ ಬೆಂಕಿಕಡ್ಡಿಯಲ್ಲಿ ಚಳಿಗಾಲ ಕಳೆದೆ ಎಂದು ಹೇಳಿಕೊಳ್ಳುವುದು ಆ ಸೀಮೆಯಲ್ಲಿ ಒಂದು ಹೆಮ್ಮೆ.

ಆದರೆ ಬೆಂಕಿ ಪದೇ ಪದೇ ಆರುವ ಮನೆಗಳಲ್ಲಿ ಕಳ್ಳ ಬಹಳ ಸಲ ಬೂದಿಯೇ. ಆಂಥ್ರಸೈಟಿನ ತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ ಸುಡದ ಮಣ್ಣು. ಮರದ ಬೂದಿ ಹಗುರ, ಬೆಂಕಿಯ ಅಡಿಗೆ ಮೆತ್ತಗೆ ಕುಸಿಯುತ್ತದೆ, ಕೆಂಡಕ್ಕೆ ಹೊದಿಕೆಯೂ ಆಗುತ್ತದೆ. ಕಲ್ಲಿದ್ದಲ ಬೂದಿ ತಾನಿದ್ದ ತುಂಡಿನ ಆಕಾರದಲ್ಲೇ ನಿಂತು, ಜಾಲರಿಯ ಸಂದುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗುತ್ತದೆ. ಅಡಿಯಿಂದ ಗಾಳಿ ಬಂದರೆ ತಾನೆ ಬದುಕು? ಮೇಲೆ ಎಷ್ಟು ಇದ್ದಲಿದ್ದರೇನು.

ಅದಕ್ಕೇ ಒಲೆಯ ಪಕ್ಕದಲ್ಲಿ ಒಂದು ಹಿಡಿ ಇರುತ್ತದೆ. ಅದನ್ನು ಆಡಿಸಿದರೆ ಒಳಗಿನ ಜಾಲರಿ ಅಲುಗಿ ಬೂದಿ ಕೆಳಗಿನ ತಟ್ಟೆಗೆ ಉದುರುತ್ತದೆ. ಇಡೀ ಕಸುಬಿನ ಕೈಗುಣ ಕಾಣುವುದು ಈ ಹಿಡಿಯ ಮೇಲೆ. ಹೊಸಬರು ಹಿಡಿಯನ್ನು ಈ ಕೊನೆಯಿಂದ ಆ ಕೊನೆಗೆ ಜೋರಾಗಿ ಎಳೆದಾಡುತ್ತಾರೆ. ಜಾಲರಿ ಪೂರ್ತಿ ಬಾಯಿ ತೆರೆದು ಬೂದಿಯ ಜೊತೆ ಕೆಂಡವೂ ಬಿದ್ದುಹೋಗುತ್ತದೆ. ಅಥವಾ ಅಂಜಿ ಎರಡು ಸಲ ಅಲ್ಲಾಡಿಸಿ ಬಿಡುತ್ತಾರೆ. ಆಗ ನಡುವಿನ ಬೂದಿಯಷ್ಟೇ ಬಿದ್ದು ಅಂಚುಗಳದ್ದು ಹಾಗೇ ಉಳಿಯುತ್ತದೆ. ಪಳಗಿದವರ ಕೈ ಚಿಕ್ಕ ಚಿಕ್ಕ, ಬಿರುಸಾದ ಹೊಡೆತ ಹೊಡೆಯುತ್ತದೆ. ಅವರ ಕಿವಿ ಬೂದಿ ಬೀಳುವ ಸದ್ದಿನ ಮೇಲೆ, ಕಣ್ಣು ಬೂದಿ ತಟ್ಟೆಯ ಮೇಲೆ. ಮೊದಲು ಬರೀ ಬಿಳಿಬೂದಿ ಉದುರುತ್ತದೆ. ಆಮೇಲೆ ಅದರ ನಡುವೆ ಒಂದೊಂದು ಕಿಡಿ. ತಟ್ಟೆಯ ಮೇಲೆ ಎಲ್ಲ ಕಡೆ ಒಂದೇ ಸಮನಾಗಿ ಕೆಂಪು ಬೆಳಕು ಬಿತ್ತೆಂದರೆ ಸಾಕು, ಹಿಡಿ ಬಿಟ್ಟರು. ಒಂದು ಮೂಲೆ ಮಾತ್ರ ಕತ್ತಲಾಗಿದ್ದರೆ ಆ ಮೂಲೆಯಲ್ಲಿ ಬೂದಿ ಕಚ್ಚಿಕೊಂಡಿದೆ ಎಂದರ್ಥ. ಈ ಮೂಲೆಗಳು ಮೋಸ ಮಾಡುತ್ತವೆ. ದಿನಕ್ಕಿಷ್ಟು ಬೂದಿ ಅಲ್ಲಿ ಉಳಿಯುತ್ತ ಹೋಗಿ, ಬೆಂಕಿ ನಡುವಿನಲ್ಲಷ್ಟೇ ಉರಿಯುವಂತಾಗಿ, ಐದಾರು ದಿನದ ಮೇಲೆ ಒಂದು ರಾತ್ರಿ ಕಾರಣವೇ ಇಲ್ಲದಂತೆ ಆರುತ್ತದೆ. ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡಿದೆ, ಆದರೂ ಆರಿತಲ್ಲ ಎಂದು ಗೊಣಗುವವರ ಒಲೆಯಲ್ಲಿ ಹುಡುಕಬೇಕಾದದ್ದು ಇದನ್ನು.

ಮೂಲೆಯ ಬೂದಿ ತೆಗೆಯಲು ತುದಿ ಬಗ್ಗಿಸಿದ ತೆಳು ಕಬ್ಬಿಣದ ಸಲಾಕೆಯೊಂದನ್ನು ಬಹಳ ಮಂದಿ ತಾವೇ ಮಾಡಿಕೊಂಡಿರುತ್ತಾರೆ. ಅದನ್ನು ಬೂದಿ ಬಾಗಿಲಿನಿಂದ ತೂರಿಸಿ, ಜಾಲರಿಯ ಸಂದಿನಲ್ಲಿ ಕೆಳಗಿನಿಂದ ಮೇಲಕ್ಕೆ ಚುಚ್ಚುತ್ತಾರೆ. ಮೇಲಿನಿಂದ ಮಾತ್ರ ಕೆದಕುವುದಿಲ್ಲ. ಕೆದಕಿದರೆ ಅಡಿಯ ಬೂದಿ ಮೇಲೆದ್ದು ನಿಗಿನಿಗಿ ಕೆಂಡದ ನಡುವೆ ಸೇರುತ್ತದೆ. ಅಲ್ಲಿನ ಕಾವಿಗೆ ಕರಗಿ, ಆರಿದಾಗ ಕಲ್ಲಿನಂಥ ಕಿಟ್ಟವಾಗುತ್ತದೆ. ಕಿಟ್ಟ ಜಾಲರಿಯ ಹಲ್ಲಿಗೆ ಸಿಕ್ಕಿಕೊಂಡರೆ ಹಿಡಿ ಅಲುಗದು, ಗಾಳಿಯೂ ಹಾಯದು. ಆಗ ಉಳಿಯುವ ದಾರಿ ಒಂದೇ: ಬೆಂಕಿ ಆರಲು ಬಿಟ್ಟು, ಎಲ್ಲ ಹೊರಗೆ ತೆಗೆದು, ಮೊದಲಿಂದ ಹಚ್ಚುವುದು.

ಬೂದಿ ತಟ್ಟೆಯನ್ನು ಖಾಲಿ ಮಾಡದೆ ಬಿಡುವುದೂ ಇದೇ ಜಾತಿಯ ತಪ್ಪು. ಗುಡ್ಡೆ ಜಾಲರಿಗೆ ತಾಗುವಷ್ಟು ಏರಿದರೆ ಗಾಳಿಯ ದಾರಿ ಕಟ್ಟುವುದಲ್ಲದೆ, ಕೆಳಗಿನಿಂದ ತಣ್ಣನೆಯ ಗಾಳಿ ಸೋಕದೆ ಎರಕದ ಕಬ್ಬಿಣದ ಜಾಲರಿಯೇ ಕಾದು ಡೊಂಕಾಗುತ್ತದೆ. ತೆಗೆದ ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ ಮನೆಯಿಂದ ದೂರ ಇಡಬೇಕು, ಅದರೊಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರಬಲ್ಲದು. ಪೂರ್ತಿ ತಣಿದ ಮೇಲೆ ಅದನ್ನು ಹಿಮಗಟ್ಟಿದ ಹಾದಿಗೆ ಚೆಲ್ಲುತ್ತಾರೆ, ಕಾಲು ಜಾರದಂತೆ.

ಇನ್ನು ಬೆಂಕಿ ಪೂರ್ತಿ ಆರಿಲ್ಲ, ಆರುವ ಹಂತದಲ್ಲಿದೆ ಎನ್ನಿ. ಮೇಲೆ ಮಂಕಾದ ಕೆಂಪು, ಸುತ್ತ ಬೂದಿ. ಯಾರ ಕೈಯಾದರೂ ಸೀದಾ ಅಲ್ಲಾಡಿಸುವ ಹಿಡಿಗೇ ಹೋಗುತ್ತದೆ, ಬೂದಿ ಬಿದ್ದರೆ ಗಾಳಿ ಬರುತ್ತದಲ್ಲ ಎಂದು. ಅಲ್ಲೇ ಕೆಡುವುದು. ಉಳಿದ ನಾಲ್ಕು ಕೆಂಡಗಳನ್ನು ಒಂದಕ್ಕೊಂದು ಅಂಟಿಸಿ ಬೆಚ್ಚಗಿಟ್ಟಿರುವುದೇ ಆ ಬೂದಿ; ಅಲ್ಲಾಡಿಸಿದೊಡನೆ ಅವು ಚೆದುರಿ ಸಾಯುತ್ತವೆ. ಬಲ್ಲವರ ಕ್ರಮ ತಿರುಗುಮುರುಗು. ಮೊದಲು ಕೆಳಗಿನ ಬಾಗಿಲನ್ನು ತುಸು ತೆರೆದು ಗಾಳಿ ಬಿಡುತ್ತಾರೆ. ಕೆಂಪು ಹೊಳಪೇರುವವರೆಗೆ ಕಾಯುತ್ತಾರೆ. ಅದರ ಮೇಲೆ ತೆಳುವಾಗಿ ಒಂದು ಪದರ ಹೊಸ ಇದ್ದಲು ಹರಡಿ, ಅದು ಹಿಡಿದು ಚಟಪಟಗುಟ್ಟುವವರೆಗೆ ಮತ್ತೆ ಕಾಯುತ್ತಾರೆ. ಆಮೇಲೆ ಹದವಾಗಿ ಅಲ್ಲಾಡಿಸಿ, ಕಡೆಗೆ ಒಲೆ ತುಂಬಿಸುತ್ತಾರೆ. ಬಲವಾದ ಬೆಂಕಿಗೆ ಮೊದಲು ಅಲ್ಲಾಡಿಸು, ಆಮೇಲೆ ಹಾಕು. ಬಡವಾದ ಬೆಂಕಿಗೆ ಮೊದಲು ಉಣಿಸು, ಆಮೇಲೆ ಅಲ್ಲಾಡಿಸು. ನನ್ನನ್ನು ಕೇಳಿದರೆ ಈ ಕಸುಬಿನಲ್ಲಿ ಇದಕ್ಕಿಂತ ಬೆಲೆಬಾಳುವ ತಿಳಿವಳಿಕೆ ಇಲ್ಲ. ಕೆಳಗಿನ ಬಾಗಿಲು ತೆರೆದದ್ದನ್ನು ಮರೆತು ಅತ್ತ ಹೋಗಬಾರದು ಎಂಬ ಎಚ್ಚರವೂ ಇದರ ಜೊತೆಗೇ ಬರುತ್ತದೆ. ತಡೆಯಿಲ್ಲದ ಗಾಳಿ ಸಿಕ್ಕರೆ ಇದುವರೆಗೆ ಹಟ ಹಿಡಿದಿದ್ದ ಕಲ್ಲು ಒಲೆಯ ತಗಡನ್ನೇ ಕೆಂಪಗೆ ಕಾಯಿಸಿಬಿಡುತ್ತದೆ.

ತುಂಬಿಸುವುದರಲ್ಲೂ ಒಂದು ನಯವಿದೆ. ಕೆಂಡವನ್ನೆಲ್ಲ ಒಮ್ಮೆಗೇ ಕರಿಯ ಇದ್ದಲಿನಿಂದ ಮುಚ್ಚುವುದಿಲ್ಲ, ಒಂದು ಮೂಲೆಯಲ್ಲಿ ಕೆಂಪು ಕಾಣುವಂತೆ ಬಿಡುತ್ತಾರೆ. ಹೊಸ ಇದ್ದಲು ಕಾಯುವಾಗ ಹೊರಡುವ ಅನಿಲ ಆ ಕೆಂಡಕ್ಕೆ ತಾಗಿ ಕೂಡಲೇ ಹೊತ್ತಿಕೊಂಡು ಮೇಲ್ಮೈ ಮೇಲೆ ನೀಲಿ ಜ್ವಾಲೆಗಳಾಗಿ ಆಡುತ್ತದೆ. ಆ ನೀಲಿ ಕಾಣಿಸಿದರೆ ಎಲ್ಲ ಸರಿಯಿದೆ ಎಂದು. ಪೂರ್ತಿ ಮುಚ್ಚಿದರೆ ಅನಿಲ ಉರಿಯದೆ ಶೇಖರವಾಗಿ, ಕಡೆಗೊಮ್ಮೆ ಢಬ್ ಎಂದು ಸಿಡಿದು ಒಲೆಯ ಬಾಗಿಲನ್ನೂ ಹೊಗೆಕೊಳವೆಯ ಕೀಲುಗಳನ್ನೂ ಅಲುಗಿಸುತ್ತದೆ. ಮೇಲಿನ ಬಾಗಿಲನ್ನು ಒಮ್ಮೆಗೇ ಎಳೆಯದೆ ಮೊದಲು ಬೆರಳಷ್ಟು ತೆರೆದು ತಡೆಯುವ ಅಭ್ಯಾಸ ಇದೇ ಕಾರಣಕ್ಕೆ ಬಂದದ್ದು.

ಒಲೆಯೊಳಗೆ ಎಲ್ಲ ಸರಿಯಿದ್ದೂ ಬೆಂಕಿ ನಿಲ್ಲದಿದ್ದರೆ ಕಣ್ಣು ಚಿಮಣಿಯ ಕಡೆ ಹೋಗಬೇಕು. ಅಡಿಯಿಂದ ಗಾಳಿಯನ್ನು ಎಳೆಯುವುದು ಚಿಮಣಿಯೊಳಗಿನ ಬಿಸಿಗಾಳಿಯ ಏರಿಕೆ. ಈ ಸೆಳೆತ ಎಷ್ಟು ಸಣ್ಣದೆಂದರೆ, ಕೊಳವೆಯಲ್ಲಿನ ನೀರಿನ ಮಟ್ಟವನ್ನು ಒಂದರಿಂದ ಒಂದೂವರೆ ಮಿಲಿಮೀಟರ್ ಏರಿಸುವಷ್ಟಿದ್ದರೆ ಬಹುಪಾಲು ಮನೆಯ ಒಲೆಗಳಿಗೆ ಧಾರಾಳ. ಅದನ್ನು ಅಳೆಯುವ ಚಿಕ್ಕ ಮಾಪಕವೊಂದನ್ನು ಗೋಡೆಗೆ ತಗಲಿಸಿಕೊಂಡವರು ಊಹೆಯ ಕಾಟದಿಂದ ಪಾರಾದರು. ಹೊರಗೆ ಕೊರೆಯುವ ಚಳಿಯಿದ್ದಾಗ ಸೆಳೆತ ಜೋರು. ವಿಚಿತ್ರವೆಂದರೆ ಬೆಂಕಿ ಆರುವ ದೂರುಗಳು ಹೆಚ್ಚುವುದು ಅಕ್ಟೋಬರಿನಲ್ಲಿ, ಏಪ್ರಿಲಿನಲ್ಲಿ, ಹವೆ ಹಿತವಾಗಿರುವಾಗ. ಒಳಗಿನ ಹೊರಗಿನ ಕಾವಿನ ಅಂತರ ಕಡಿಮೆಯಾಗಿ ಚಿಮಣಿ ಸೋಮಾರಿಯಾಗುತ್ತದೆ. ಮನೆ ಬೆಚ್ಚಗಿದೆಯೆಂದು ಗಾಳಿಯನ್ನೂ ಬಿಗಿದಿರುತ್ತಾರೆ. ಚಿಮಣಿ ಇನ್ನಷ್ಟು ತಣ್ಣಗಾಗುತ್ತದೆ. ಅಂಥ ದಿನಗಳಲ್ಲಿ ಒಂದೆರಡು ಕಿಟಕಿ ತೆರೆದಿಟ್ಟು ಬೆಂಕಿಯನ್ನು ತುಸು ಚುರುಕಾಗೇ ಉರಿಸುವವರಿದ್ದಾರೆ. ಶಾಖ ಪೋಲು ಎನ್ನಿಸಿದರೂ ಅವರ ಲೆಕ್ಕ ಸರಿ.

ಸೆಳೆತ ಕೆಡಿಸುವ ಇನ್ನೊಂದು ಬೂದಿಯಿದೆ. ಗಾಳಿಯೊಡನೆ ಹಾರಿಹೋಗುವ ನುಣ್ಣನೆ ಬೂದಿ ಒಲೆಯಿಂದ ಚಿಮಣಿಗೆ ಹೋಗುವ ಅಡ್ಡ ಕೊಳವೆಯಲ್ಲಿ ಸದ್ದಿಲ್ಲದೆ ಕೂತು, ಅರ್ಧ ಕೊಳವೆಯನ್ನೇ ತುಂಬಿಬಿಡುತ್ತದೆ. ಬೆರಳಿನಿಂದ ತಟ್ಟಿದರೆ ಟಣ್ ಎನ್ನದೆ ದಬ್ ಎಂದರೆ ಕೊಳವೆ ಬಿಚ್ಚುವ ಹೊತ್ತಾಯಿತು. ಮೇಲಿನ ಬಾಗಿಲಿನ ಅಂಚಿನ ಹಗ್ಗದ ಪಟ್ಟಿ ಸವೆದಿದ್ದರೂ ತೊಂದರೆ. ಗಾಳಿ ಅಡಿಯಿಂದ ಬರುವ ಬದಲು ಅಲ್ಲಿಂದ ನುಸುಳಿ, ಬೆಂಕಿಯನ್ನು ದಾಟದೆ ಚಿಮಣಿಗೆ ಹೋಗುತ್ತದೆ. ಒಲೆ ತಣ್ಣಗಿದ್ದಾಗ ಬಾಗಿಲ ನಡುವೆ ಒಂದು ನೋಟು ಸಿಕ್ಕಿಸಿ ಮುಚ್ಚಿ ಎಳೆದು ನೋಡುತ್ತಾರೆ. ಸಲೀಸಾಗಿ ಬಂದರೆ ಪಟ್ಟಿ ಬದಲಿಸಬೇಕು. ಇದೆಲ್ಲ ಬರೀ ಬೆಂಕಿಯ ಮಾತಲ್ಲ. ಸೆಳೆತ ಸತ್ತ ಒಲೆ ಕಾರ್ಬನ್ ಮೊನಾಕ್ಸೈಡನ್ನು ಮನೆಯೊಳಗೇ ಬಿಡುತ್ತದೆ. ಆಂಥ್ರಸೈಟಿಗೆ ಹೊಗೆಯಿಲ್ಲ, ಆ ಅನಿಲಕ್ಕೆ ವಾಸನೆಯಿಲ್ಲ, ಎಚ್ಚರಿಸುವವರೇ ಇಲ್ಲ. ಹಾಗಾಗಿ ಅದನ್ನು ಪತ್ತೆಹಚ್ಚಿ ಕೂಗುವ ಯಂತ್ರವಿಲ್ಲದ ಮನೆಯಲ್ಲಿ ಈ ಒಲೆ ಹಚ್ಚಲೇಬಾರದು.

ತಪ್ಪು ಕಲ್ಲಿನದೂ ಇರಬಹುದು, ಆದರೆ ಅಷ್ಟು ಸುಲಭವಾಗಿ ಅದರ ಮೇಲೆ ಹೊರಿಸಬಾರದು. ಅಲ್ಲಿ ಇದ್ದಲನ್ನು ಜರಡಿ ಹಿಡಿದು ರೈಸ್, ಬಕ್‌ವೀಟ್, ಪೀ, ನಟ್, ಸ್ಟೋವ್, ಎಗ್ ಎಂದು ಗಾತ್ರ ಏರುವ ಕ್ರಮದಲ್ಲಿ ಮಾರುತ್ತಾರೆ. ಕೈಯಲ್ಲಿ ತುಂಬಿಸುವ ಮನೆಯ ಒಲೆಗಳಿಗೆ ಸಾಮಾನ್ಯವಾಗಿ ನಟ್. ಅದಕ್ಕಿಂತ ತೀರ ಸಣ್ಣದನ್ನು ಹಾಕಿದರೆ ತುಂಡುಗಳು ಒತ್ತಾಗಿ ಕೂತು ಗಾಳಿಗೆ ಜಾಗ ಬಿಡವು. ಪುಡಿ ಹೆಚ್ಚಿದ್ದರೂ ಅಷ್ಟೆ. ಬೂದಿಯಲ್ಲಿ ಚಪ್ಪಟೆಯಾದ ಬೂದು ಕಲ್ಲುಗಳು ಬಹಳ ಸಿಕ್ಕರೆ ಆ ಲೋಡಿನಲ್ಲಿ ಸ್ಲೇಟ್ ಸೇರಿದೆ. ಅದು ಸುಡುವುದಿಲ್ಲ, ಕಾವು ನುಂಗುತ್ತದೆ. ಒಂದು ಕಾಲದಲ್ಲಿ ಈ ಕಲ್ಲನ್ನು ಆರಿಸಿ ತೆಗೆಯುತ್ತಿದ್ದವರು ಗಣಿಯ ಪಕ್ಕದ ಒಡೆಯುವ ಕಾರ್ಖಾನೆಗಳಲ್ಲಿ ಸಾಲಾಗಿ ಕೂತ ಪುಟ್ಟ ಹುಡುಗರು. ಛಾಯಾಗ್ರಾಹಕ ಲೂಯಿಸ್ ಹೈನ್ 1911ರಲ್ಲಿ ಪಿಟ್‌ಸ್ಟನ್ ಬಳಿ ತೆಗೆದ ಚಿತ್ರಗಳಲ್ಲಿ ಅವರ ಮಸಿ ಮುಖಗಳು ಇವತ್ತೂ ನಮ್ಮತ್ತ ನೋಡುತ್ತವೆ. ಒಲೆಯ ಹಿತ ಎಲ್ಲಿಂದ ಬಂತು ಎಂಬ ಲೆಕ್ಕದಲ್ಲಿ ಅವರನ್ನು ಬಿಡಲಾಗದು. ಅದೇ ಸೀಮೆಯ ಸೆಂಟ್ರೇಲಿಯಾ ಎಂಬ ಊರಿನಡಿ 1962ರಲ್ಲಿ ಗಣಿಗೆ ಹತ್ತಿದ ಬೆಂಕಿ ಇನ್ನೂ ಆರಿಲ್ಲ, ಊರು ಬಹುಪಾಲು ಖಾಲಿಯಾಯಿತು. ನೆಲಮಾಳಿಗೆಯಲ್ಲಿ ಒಂದು ರಾತ್ರಿ ನಿಲ್ಲಲು ಇಷ್ಟು ಬೇಡಿಸಿಕೊಳ್ಳುವ ಕಲ್ಲೇ ಅದೂ. ಅಲ್ಲಿ ಹಾಸು ಆಳ, ಬಿರುಕುಗಳಿಂದ ಗಾಳಿ ಬರುತ್ತಿದೆ, ಕೆದಕುವವರಿಲ್ಲ.

ಕೈಯಲ್ಲಿ ತುಂಬಿಸುವ ರಗಳೆ ಬೇಡವೆಂದವರು ಸ್ಟೋಕರ್ ಇಟ್ಟುಕೊಂಡಿದ್ದಾರೆ. ಮೇಲಿನ ಪೆಟ್ಟಿಗೆಯಿಂದ ರೈಸ್ ಗಾತ್ರದ ಇದ್ದಲನ್ನು ಮೋಟಾರು ತಾನೇ ತಳ್ಳುತ್ತದೆ, ಫ್ಯಾನು ಅಡಿಯಿಂದ ಗಾಳಿ ಊದುತ್ತದೆ, ಉರಿದ ಬೂದಿ ತುದಿಯಿಂದ ತಾನಾಗಿ ಬೀಳುತ್ತದೆ. ಇದೂ ಆರುತ್ತದೆ, ಕಾರಣಗಳು ಮಾತ್ರ ಬೇರೆ. ಮನೆ ಬೆಚ್ಚಗಾಗಿ ಥರ್ಮೋಸ್ಟ್ಯಾಟ್ ಸುಮ್ಮನಾದಾಗಲೂ ಬೆಂಕಿಗೆ ಜೀವ ಉಳಿಯಲೆಂದು ಒಂದು ಟೈಮರ್ ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಇದ್ದಲು ತಳ್ಳಬೇಕು. ಆ ನಿಮಿಷಗಳನ್ನು ಉಳಿತಾಯದ ಆಸೆಯಿಂದ ಇಳಿಸಿದರೆ ಹಿತವಾದ ಹವೆಯ ದಿನ ಬೆಂಕಿ ತುದಿಗೆ ಸರಿದು ಬಿದ್ದುಹೋಗುತ್ತದೆ. ಟೈಮರ್ ಸರಿಯಿದ್ದರೆ ಫ್ಯಾನಿನ ರೆಕ್ಕೆಗೆ ಅಂಟಿದ ಧೂಳು, ಜಾಲರಿಯ ತೂತುಗಳಲ್ಲಿ ಕೂತ ನುಣುಪು ಬೂದಿ, ಪೆಟ್ಟಿಗೆಯೊಳಗೆ ಕಮಾನು ಕಟ್ಟಿ ನಿಂತ ಒದ್ದೆ ಇದ್ದಲು, ಇವನ್ನು ನೋಡಬೇಕು.

ವಸಂತದಲ್ಲಿ ಬೆಂಕಿಯನ್ನು ಬೇಕೆಂದೇ ಆರಿಸುವ ದಿನ ಬರುತ್ತದೆ. ಹೆಚ್ಚಿನವರು ಅಂದೇ ಒಲೆಯನ್ನು ಮರೆತುಬಿಡುತ್ತಾರೆ, ಮುಂದಿನ ಅಕ್ಟೋಬರಿನ ತೊಂದರೆಗಳ ಬೀಜ ಬೀಳುವುದು ಆಗಲೇ. ಕೊಳವೆಯೊಳಗೆ ಉಳಿದ ಬೂದಿಯಲ್ಲಿ ಗಂಧಕದ ಅಂಶವಿರುತ್ತದೆ; ಬೇಸಿಗೆಯ ತೇವ ಹೀರಿ ಅದು ಆಮ್ಲವಾಗಿ ತಗಡನ್ನು ತಿನ್ನುತ್ತದೆ. ಹಾಗಾಗಿ ಒಲೆ ತಣಿದ ವಾರದೊಳಗೇ ಕೊಳವೆ ಬಿಚ್ಚಿ, ಗುಡಿಸಿ, ಜಾಲರಿಯ ಹಲ್ಲುಗಳನ್ನೂ ಮೂಲೆಗಳನ್ನೂ ಕೆರೆದು, ಇಟ್ಟಿಗೆಯ ಬಿರುಕುಗಳನ್ನು ಮೆತ್ತಿ, ಒಳಗೆಲ್ಲ ಎಣ್ಣೆ ಸವರಿ, ಕೊಳವೆಯನ್ನು ಮತ್ತೆ ಜೋಡಿಸದೆ ಒಣ ಜಾಗದಲ್ಲಿ ಎತ್ತಿಡುತ್ತಾರೆ. ಚಿಮಣಿಯ ಬಾಯಿಗೆ ಒಂದು ತಗಡಿನ ಮುಚ್ಚಳ ಬೀಳುತ್ತದೆ. ಆ ವರ್ಷದ ಇದ್ದಲಿನಲ್ಲಿ ಮಿಕ್ಕದ್ದು ಮೂಲೆಯ ತೊಟ್ಟಿಯಲ್ಲೇ ಉಳಿಯುತ್ತದೆ. ಅದು ಕೆಡುವ ಮಾಲಲ್ಲ.